ಶುಕ್ರವಾರದ ಎಣಿಕೆ

ಕೆಲ್ಸೋ, ಮಿಷಿಗನ್
9 ಮಾರ್ಚ್ 1998

ಲೋ ಶಿವರಾಮು,

ಮೊನ್ನೆ ನೀನು ಫೋನಿನಲ್ಲಿ ಹೇಳಿದ್ದರಲ್ಲಿ ಅರ್ಧ ಕೇಳಿಸಿತು, ಇನ್ನರ್ಧ ನನ್ನ ಹೊಲಿಗೆ ಮೆಷಿನ್ನಿನ ಸದ್ದಿಗೆ ಹೋಯಿತು. ಕೇಳಿಸಿದ ಅರ್ಧಕ್ಕೇ ಕೈಯಲ್ಲಿದ್ದ ಕತ್ತರಿ ಬಿತ್ತು. ಅಮೆರಿಕದಲ್ಲಿ ಊರುಗಳಿಗೆ ಬರವೇ? ನಿನ್ನ ಕಂಪನಿಗೆ ನಮ್ಮ ಕೆಲ್ಸೋದ ಡೌನ್‌ಟೌನ್ ಉದ್ಧಾರ ಮಾಡುವ ಕೆಲಸವೇ ಸಿಗಬೇಕೆ? ಕುಣಿಗಲ್ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನೀನು ಟೌನ್ ಪ್ಲಾನಿಂಗ್ ಓದಿ ಷಿಕಾಗೋ ಸೇರಿದೆ. ನಾನು ಭಾವನ ಬಾಲ ಹಿಡಿದು ಡೆಟ್ರಾಯ್ಟ್ ಕಡೆಗೆ ಬಂದು, ಕಾರಿನ ಸೀಟು ಹೊಲಿಯುವ ಫ್ಯಾಕ್ಟರಿ ಮುಚ್ಚಿದ ಮೇಲೆ ಅಪ್ಪನ ಟೈಲರ್ ಕಸುಬನ್ನೇ ಹಿಡಿದೆ. ಈಗ ನಾನು ಹನ್ನೊಂದು ವರ್ಷದಿಂದ ಬಾಡಿಗೆಗಿರುವ ಬೀದಿಗೆ ನೀನು ಡಾಕ್ಟರಾಗಿ ಬರುತ್ತಿದ್ದೀಯ. ನಾಡಿ ಹಿಡಿಯುವ ಮುಂಚೆ ರೋಗಿಯ ಮಾತನ್ನೂ ಸ್ವಲ್ಪ ಕೇಳು.

ಎಪ್ಪತ್ತು ಸಾವಿರ ಜನರ ಊರು ನಮ್ಮದು. ಮಾಲ್ ಬಂದ ಮೇಲೆ ದೊಡ್ಡ ಅಂಗಡಿಗಳೆಲ್ಲ ಹೈವೇ ಕಡೆ ಓಡಿಹೋದವು. ಮಿಲ್ ಸ್ಟ್ರೀಟಿನಲ್ಲಿ ಅರ್ಧಕ್ಕರ್ಧ ಖಾಲಿ, ಸುಳ್ಳೇಕೆ ಹೇಳಲಿ. ಆದರೆ ನಮ್ಮ ಬ್ಲಾಕಿಗೆ ಜೀವ ಇದೆ. ಒಂಬತ್ತು ಅಂಗಡಿಗಳು, ಮೇಲೆ ಬಾಡಿಗೆಯ ಮನೆಗಳು. ಎದುರಿಗೇ ಬಸ್ಸು ಬದಲಾಯಿಸುವ ಸ್ಟಾಪು, ನಾಲ್ಕು ಹೆಜ್ಜೆ ಆಚೆ ಕೋರ್ಟು. ಬೆಳಿಗ್ಗೆ ಎಂಟಕ್ಕೆ ಜನ ಅಣ್ಣನ ಸೂಟನ್ನೋ ಚಿಕ್ಕಪ್ಪನ ಸೂಟನ್ನೋ ಎರವಲು ತಂದು ನನ್ನ ಬಾಗಿಲು ಬಡಿಯುತ್ತಾರೆ. ಒಂಬತ್ತಕ್ಕೆ ಜಡ್ಜ್ ಮುಂದೆ ನಿಲ್ಲಬೇಕು, ಪ್ಯಾಂಟು ನೋಡಿದರೆ ನೆಲ ಗುಡಿಸುತ್ತಿರುತ್ತದೆ. ನಾನು ಅದರ ತುದಿ ಮಡಿಸಿ ಹೊಲಿಯುವಷ್ಟರಲ್ಲಿ ಪಕ್ಕದ ಬಾರ್ಬರ್ ವಿಲ್ಕ್ಸ್ ಅವರ ತಲೆ ನೀಟು ಮಾಡುತ್ತಾನೆ, ಆಮೇಲೆ ಯೆಮೆನಿನ ಸಾಲೇಹ್ ಹತ್ತಿರ ಕಾಫಿ. ಒಂದು ಕೇಸಿಗೆ ಮೂರು ಅಂಗಡಿಗೆ ಬೋಣಿ. ಬಸ್ಸಿಗೆ ಕಾಯುವವರೂ ಚಳಿಯಲ್ಲಿ ಇಪ್ಪತ್ತು ನಿಮಿಷ ನಿಲ್ಲಲಾರದೆ ಒಳಗೆ ಬರುತ್ತಾರೆ, ಬಂದವರು ಏನಾದರೂ ಕೊಳ್ಳುತ್ತಾರೆ. ಇದೇ ನಮ್ಮ ಬೀದಿಯ ಗುಟ್ಟು. ಇಷ್ಟನ್ನೇ ಇಂಗ್ಲಿಷಿನಲ್ಲಿ ನೂರು ಪುಟ ಮಾಡಿ ಕೊಟ್ಟು ದುಡ್ಡು ತಗೋ.

ಶುಕ್ರವಾರವೇ ಬಾ. ವಾರದ ನಡುವೆ ಬಂದು ಓಡಿಹೋದರೆ ಅಸ್ಗರಿ ಬಾಗಿಲು ತೆಗೆಯುವುದಿಲ್ಲ. ಶುಕ್ರವಾರ ಕಂಪನಿಯ ಕೆಲಸ ಮುಗಿಸು, ಶನಿವಾರ ಭಾನುವಾರ ನಮ್ಮವನಾಗಿರು. ಬಿರಿಯಾನಿಗೆ ಅಕ್ಕಿ ಈಗಲೇ ತೆಗೆದಿಟ್ಟಿದ್ದಾಳೆ. ಶೈಲಮ್ಮನನ್ನೂ ಕರೆತಾ, ಅವರಿಗೆ ಬೇರೆ ಪಾತ್ರೆಯಲ್ಲಿ ಸಾರು ಮಾಡುತ್ತಾಳಂತೆ.

ನಿನ್ನ ಬೆಂಚಿನವನು,
ಷರೀಫ್


ಡೌನರ್ಸ್ ಗ್ರೋವ್, ಇಲಿನಾಯ್
2 ಮೇ 1998

ಪ್ರೀತಿಯ ಷರೀಫ್,

ಭಾಬಿಗೆ ನಮಸ್ಕಾರ ಹೇಳು. ನಾನು ವಾಪಸು ಬಂದ ದಿನವೇ ಶೈಲಾ ಬಾಡಿಗೆ ಕಾರಿನ ಬಾಗಿಲು ತೆಗೆದು, "ಏನ್ರೀ ಇದು, ಸೀಟೆಲ್ಲಾ ಬಿರಿಯಾನಿ ವಾಸ್ನೆ! ನನ್ನ ಬಿಟ್ಟೋಗಿ ಚೆನ್ನಾಗ್ ತಿಂದಿದೀರ" ಅಂದಳು. ಅವಳಿಗೆ ಕೆಲಸದಲ್ಲಿ ರಜೆ ಸಿಗದೆ ಹೋದದ್ದಕ್ಕೆ ನನಗೇನೂ ಬೇಸರವಾಗಲಿಲ್ಲ, ಅವಳ ಪಾಲಿನದ್ದೂ ನನಗೇ ಸಿಕ್ಕಿತು.

ಕೆಲಸವೂ ಸಲೀಸಾಗಿ ಮುಗಿಯಿತು. ಶುಕ್ರವಾರ ನಿನ್ನನ್ನು ಮಸೀದಿಯ ಬಾಗಿಲಲ್ಲಿ ಇಳಿಸಿದವನು ನೇರವಾಗಿ ಮಿಲ್ ಸ್ಟ್ರೀಟಿಗೆ ಹೋಗಿ ಕೋರ್ಟಿನ ಮೆಟ್ಟಿಲ ಮೇಲೆ ಒಂದು ಗಂಟೆ ನಿಂತೆ. ಊರಿನ ನಾಡಿ ಸಿಗುವುದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಎನ್ನುವುದು ನಮ್ಮ ಕಂಪನಿಯ ಪದ್ಧತಿ. ಒಂದು ಕೈಯಲ್ಲಿ ಜನರನ್ನು ಎಣಿಸುವ ಗುಂಡಿ, ಇನ್ನೊಂದು ಕೈಯಲ್ಲಿ ಅಂಗಡಿಗಳ ಪಟ್ಟಿ. ಆಮೇಲೆ ಎರಡೂ ಕಾಲು ಗಂಟೆಗೆ ಮಸೀದಿಗೆ ವಾಪಸು ಬಂದಾಗ ನೀನು ಸಾಲೇಹ್ ಜೊತೆ ಹೊರಗೆ ನಿಂತು ನಗುತ್ತಿದ್ದೆ. ನಿನ್ನನ್ನು ಅಷ್ಟು ನಿಶ್ಚಿಂತೆಯಿಂದ ನಾನು ಎಂದೂ ನೋಡಿರಲಿಲ್ಲ.

ಒಂದು ಮಾತು. ನಿಮ್ಮ ಮನೆಯಲ್ಲಿ ಉಳಿದಿದ್ದೆ ಎನ್ನುವುದು ಅಲ್ಲಿ ಯಾರ ಕಿವಿಗೂ ಬೀಳಬಾರದು. ಆ ಊರಿನಲ್ಲಿ ನನಗೆ ಗುರುತಿನವರು ಯಾರೂ ಇಲ್ಲ ಎಂದು ಕೆಲಸಕ್ಕೆ ಮುಂಚೆ ಒಂದು ಕಾಗದಕ್ಕೆ ಸಹಿ ಹಾಕಿದ್ದೇನೆ. ಎಲ್ಲರೂ ಹಾಕುತ್ತಾರೆ. ನನ್ನ ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿರುವುದು ಇದೇ ಕಂಪನಿ, ಈಗ ಅವರ ಕಣ್ಣಿಗೆ ಬೀಳುವುದು ಬೇಡ.

ನಿನ್ನ,
ಶಿವರಾಮು


ಕೆಲ್ಸೋ
18 ಜನವರಿ 1999

ಶಿವರಾಮು,

ಎಂಟು ತಿಂಗಳಾಯಿತು, ನಿನ್ನ ಕಾಗದವಿಲ್ಲ. ಫೋನು ಮಾಡಿದರೆ ಶೈಲಮ್ಮ, "ಇಟಾಸ್ಕಾ ಆಫೀಸಲ್ಲೇ ಇದಾರೆ ಅಣ್ಣ, ಬಂದ್ಮೇಲೆ ಮಾಡಿಸ್ತೀನಿ" ಅನ್ನುತ್ತಾರೆ. ನೀನು ಇಷ್ಟೊಂದು ಕೆಲಸ ಮಾಡುವವನಲ್ಲ, ನನಗೆ ಗೊತ್ತು.

ನಮ್ಮ ಕಟ್ಟಡದ ಯಜಮಾನ ಲೀಸು ಹೊಸದು ಮಾಡಿಕೊಡುವುದಿಲ್ಲ ಅಂತ ಕೂತಿದ್ದಾನೆ. ಕೇಳಿದರೆ, "ಸಿಟಿಯ ಪ್ಲಾನು ಬರಲಿ" ಅನ್ನುತ್ತಾನೆ. ಕಳೆದ ವಾರ ಇಬ್ಬರು ಹಿಮದಲ್ಲೇ ಟೇಪು ಹಿಡಿದು ವಿಲ್ಕ್ಸ್ ಅಂಗಡಿಯಿಂದ ನನ್ನ ಅಂಗಡಿಯವರೆಗೆ ಅಳೆದುಕೊಂಡು ಹೋದರು. ಅವರ ಕೈಯಲ್ಲಿದ್ದ ನಕ್ಷೆಯಲ್ಲಿ ನಮ್ಮ ಅಂಗಡಿಗಳ ಹೆಸರಿರಲಿಲ್ಲ, "ಬ್ಲಾಕ್ ಏಳು" ಅಂತಿತ್ತು. ನಾನು ಎಲ್ಲರಿಗೂ ಧೈರ್ಯ ಹೇಳಿದ್ದೇನೆ. ಪ್ಲಾನು ಬರೆಯುವವನು ಯಾರು ಅಂತ ಬಾಯಿ ಬಿಟ್ಟು ಹೇಳಿಲ್ಲ, ಹೆದರಬೇಡ. ಆದರೆ ನನಗಾದರೂ ಎರಡು ಸಾಲು ಬರೆ. ಬ್ಲಾಕ್ ಏಳಕ್ಕೆ ಏನು ಮಾಡಿದ್ದೀರಿ?

ಷರೀಫ್


ಡೌನರ್ಸ್ ಗ್ರೋವ್
11 ಫೆಬ್ರವರಿ 1999

ಪ್ರೀತಿಯ ಷರೀಫ್,

ವರದಿ ಇನ್ನೂ ಮೇಲಿನವರ ಕೈಯಲ್ಲಿದೆ, ಅದರಲ್ಲಿರುವುದನ್ನು ನಾನು ಬರೆಯುವ ಹಾಗಿಲ್ಲ. ಆದರೆ ಬದಲಾವಣೆ ಎಂದರೆ ಕೇಡು ಎಂದೇ ತಿಳಿಯಬೇಡ. ನಮ್ಮ ಡೌನರ್ಸ್ ಗ್ರೋವನ್ನೇ ನೋಡು. ಹೊಸ ದೀಪ, ಇಟ್ಟಿಗೆಯ ಕಾಲುದಾರಿ, ಹೂವಿನ ಕುಂಡ. ಸಂಜೆ ಶೈಲಾ ಜೊತೆ ನಡೆದುಹೋದರೆ ಕಾಫಿ ಅಂಗಡಿಯಲ್ಲಿ ಕೂರಲು ಜಾಗ ಸಿಗುವುದಿಲ್ಲ. ಕೆಲ್ಸೋಗೂ ಇಂಥ ಕಳೆ ಬರಬೇಕಾದರೆ ಮೊದಲು ಒಂದು ದೊಡ್ಡ ಕೆಲಸ ಆಗಬೇಕು, ಹೋಟೆಲ್ಲೋ ಪಾರ್ಕಿಂಗ್ ಕಟ್ಟಡವೋ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದು. ಒಂದು ಚಮಚ ಬಿದ್ದರೆ ಮಿಕ್ಕಿದ್ದು ತಾನಾಗಿ ಹೆಪ್ಪುಗಟ್ಟುತ್ತದೆ.

ಲೀಸಿಗೆ ಅವಸರ ಮಾಡಬೇಡ. ಹೈವೇ ಕಡೆ ಮಾಲ್‌ನಲ್ಲಿ ಒಂದು ಜಾಗ ನೋಡಿಟ್ಟುಕೊಂಡಿರು. ಗೆಳೆಯನಾಗಿ ಹೇಳುತ್ತಿದ್ದೇನೆ.

ಶಿವರಾಮು


ಕೆಲ್ಸೋ
20 ಏಪ್ರಿಲ್ 1999

ಶ್ರೀ ಶಿವರಾಮು ಅವರಿಗೆ,

ತಾವು ಸಿದ್ಧಪಡಿಸಿದ ವರದಿ ನಮ್ಮ ಲೈಬ್ರರಿಗೆ ಬಂದಿದೆ. ನನ್ನ ಇಂಗ್ಲಿಷು ಪ್ಯಾಂಟಿನ ಅಳತೆಗೆ ಸಾಕು, ತಮ್ಮ ವರದಿಗೆ ಸಾಲದು. ಹಾಗಾಗಿ ಮಗಳು ದಾನಿಯಾಳನ್ನು ಕರೆದುಕೊಂಡು ಹೋಗಿದ್ದೆ. ಓದುತ್ತ ಓದುತ್ತ ನಲವತ್ತೊಂದನೆಯ ಪುಟದಲ್ಲಿ ನಿಂತಳು. "ಅಬ್ಬಾ, ದಿಸ್ ಈಸ್ ಅಸ್" ಅಂದಳು.

ಅಲ್ಲಿ ಒಂದು ಚಿತ್ರವಿದೆ, ತಾವೇ ತೆಗೆದದ್ದು. ನಮ್ಮ ಬ್ಲಾಕು. ಆರು ಅಂಗಡಿಗಳ ಬಾಗಿಲು ಹಾಕಿದೆ. ಕೆಳಗೆ ಬರೆದಿದೆ: ಕೆಲಸದ ದಿನ, ನಡು ಮಧ್ಯಾಹ್ನ, ಒಂಬತ್ತು ಅಂಗಡಿಗಳಲ್ಲಿ ಆರು ಮುಚ್ಚಿದ್ದವು, ಒಂದು ಗಂಟೆಯಲ್ಲಿ ಬಾಗಿಲು ದಾಟಿ ಒಳಗೆ ಹೋದವರು ಹನ್ನೊಂದು ಜನ. ಆದ್ದರಿಂದ ಈ ಬ್ಲಾಕಿಗೆ ವ್ಯಾಪಾರದ ಶಕ್ತಿ ಉಳಿದಿಲ್ಲ. ಆದ್ದರಿಂದ ಇದನ್ನು ಕೊಂಡು ಕೆಡವಿ ಆರು ನೂರು ಕಾರಿನ ಪಾರ್ಕಿಂಗ್ ಕಟ್ಟಡ ಕಟ್ಟತಕ್ಕದ್ದು. ಬಸ್ ಸ್ಟಾಪು ಬೀದಿಯ ಅಂದ ಕೆಡಿಸುವುದರಿಂದ ಅದನ್ನೂ ಎತ್ತತಕ್ಕದ್ದು.

ದಿನಾಂಕ 24 ಏಪ್ರಿಲ್ 1998. ಶುಕ್ರವಾರ. ಹನ್ನೆರಡೂ ಮುಕ್ಕಾಲಿನಿಂದ ಒಂದೂ ಮುಕ್ಕಾಲು.

ಆ ಹೊತ್ತಿಗೆ ಆರು ಜನ ಎಲ್ಲಿದ್ದೆವು ಅಂತ ಈ ಅಮೆರಿಕದಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ತಮಗೆ ಗೊತ್ತು. ನನ್ನನ್ನು ತಮ್ಮ ಬಾಡಿಗೆ ಕಾರಿನಲ್ಲಿ ಜುಮ್ಮಾ ನಮಾಜಿಗೆ ಬಿಟ್ಟವರು ತಾವು. "ಟೋಪಿ ಮರ್ತೆ ನೋಡೋ" ಅಂತ ಹಿಂದಿನ ಸೀಟಿನಿಂದ ಎತ್ತಿ ಕೊಟ್ಟವರೂ ತಾವೇ. ಅಲ್ಲಿಂದ ಹೋಗಿ ನನ್ನ ಬಾಗಿಲಿಗೆ ಕ್ಯಾಮರಾ ಹಿಡಿದಿರಿ. ನಾನು ತೂಗುಹಾಕಿದ್ದ ರಟ್ಟಿನ ಬೋರ್ಡೂ ಚಿತ್ರದಲ್ಲಿದೆ. "ಎರಡೂವರೆಗೆ ಬರುತ್ತೇನೆ" ಅಂತ ಬರೆದಿದ್ದೆ. ಅಕ್ಷರ ಓದಲಾಗದಷ್ಟು ದೂರದಿಂದ ತೆಗೆದಿದ್ದೀರಿ.

ಉಂಡ ಮನೆಯ ಜಂತೆ ಎಣಿಸಬಾರದು ಅಂತ ನಮ್ಮ ಕಡೆ ಹೇಳುತ್ತಾರೆ. ತಾವು ಉಣ್ಣುವುದಕ್ಕೆ ಮುಂಚೆಯೇ ಎಣಿಸಿ, ಸಂಜೆ ಬಂದು ಉಂಡಿರಿ. ಅಸ್ಗರಿ ಎರಡನೆಯ ಸಲ ಬಡಿಸಿದಾಗ ಬೇಡ ಅನ್ನಲಿಲ್ಲ.

ತಮ್ಮ ಡೌನರ್ಸ್ ಗ್ರೋವಿನ ಸಂಗತಿಯೂ ವರದಿಯಲ್ಲಿ ಆರು ಪುಟ ಇದೆ. ಅಲ್ಲಿ ಷಿಕಾಗೋದಿಂದ ರೈಲು ಬರುತ್ತದೆ ಸ್ವಾಮಿ. ದಿನಾ ಸಾವಿರಾರು ಜನರನ್ನು ಇಳಿಸಿ ಹೋಗುತ್ತದೆ. ಅವರು ಕುಂಡದಲ್ಲಿರುವ ಹೂ ನೋಡಲು ಇಳಿಯುವುದಿಲ್ಲ. ನಮಗೆ ರೈಲಿಲ್ಲ, ಬಸ್ಸಿದೆ. ಆ ಬಸ್ಸನ್ನೇ ಓಡಿಸಿ ಕುಂಡ ಇಡುತ್ತೀರಿ. ಹೆಪ್ಪು ಹಾಕುವವರು ಮೊದಲು ಹಾಲು ಚೆಲ್ಲುವುದಿಲ್ಲ.

ಮೇ ಹದಿನೆಂಟಕ್ಕೆ ಸಿಟಿ ಕೌನ್ಸಿಲ್ಲಿನಲ್ಲಿ ಸಾರ್ವಜನಿಕ ಸಭೆ. ಮಾತಾಡಲು ಯಾರಿಗಾದರೂ ಮೂರು ನಿಮಿಷ. ತಾವು ಬಂದು ಒಂದೇ ಮಾತು ಹೇಳಬೇಕು: ಆ ಆರು ಅಂಗಡಿಗಳು ಸತ್ತಿರಲಿಲ್ಲ, ನಮಾಜಿಗೆ ಹೋಗಿದ್ದವು, ಇನ್ನೊಂದು ದಿನ ಎಣಿಸಿ. ನನ್ನ ಗೆಳೆಯ ಅಂತ ಹೇಳಬೇಕಾಗಿಲ್ಲ. ಅದು ಈಗ ಸುಳ್ಳೂ ಆದೀತು.

ತಮ್ಮ ವಿಶ್ವಾಸಿ,
ಮೊಹಮ್ಮದ್ ಷರೀಫ್


ಡೌನರ್ಸ್ ಗ್ರೋವ್
10 ಮೇ 1999

ಷರೀಫ್,

ನೀನು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. "ತಾವು" ಅಂದೆಯಲ್ಲ, ಅದನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಶೈಲಾಗೆ ತೋರಿಸಲು ಧೈರ್ಯ ಬರಲಿಲ್ಲ.

ಪಟ್ಟಿಯಲ್ಲಿದ್ದದ್ದು ಮೂರೇ ಕಾಲಂ: ತೆರೆದಿದೆ, ಮುಚ್ಚಿದೆ, ಖಾಲಿ. ಕಂಡದ್ದನ್ನು ಬರೆಯಬೇಕು, ಗೊತ್ತಿರುವುದನ್ನಲ್ಲ. ಒಂದು ಬೀದಿಯ ಬಗ್ಗೆ ನನಗೆ ಗೊತ್ತಿರುವುದನ್ನು ಬರೆದು ಇನ್ನೊಂದರ ಬಗ್ಗೆ ಬರೆಯದಿದ್ದರೆ ಅದು ಪಕ್ಷಪಾತವಾಗುತ್ತದೆ. ನಮಾಜಿನ ವಿಷಯ ಆ ಹೊತ್ತಿಗೆ ನನಗೆ ಹೊಳೆಯಲೇ ಇಲ್ಲ. ನಂಬಿದರೆ ನಂಬು. ಶುಕ್ರವಾರ ಬಾ ಎಂದು ಕರೆದವನು ನೀನೇ ಎನ್ನುವುದನ್ನೂ ಮರೆಯಬೇಡ.

ಸಭೆಗೆ ಬರಲಾರೆ. ಬಂದು ಆ ಮಾತು ಹೇಳಿದರೆ ಮೊದಲ ಪ್ರಶ್ನೆ, ನಿನಗೆ ಹೇಗೆ ಗೊತ್ತು ಅಂತ. ಎರಡನೆಯದು, ಮತ್ತೆ ಸಹಿ ಯಾಕೆ ಹಾಕಿದೆ ಅಂತ. ಆಮೇಲೆ ನನಗೆ ಕೆಲಸವಿಲ್ಲ, ಗ್ರೀನ್ ಕಾರ್ಡಿಲ್ಲ. ನಲವತ್ತೈದನೇ ವಯಸ್ಸಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ವಾಪಸು ಹೋಗಬೇಕು. ನೀನು ಎಂದೋ ಸಿಟಿಜನ್ ಆದವನು, ಈ ಭಯ ನಿನಗೆ ಮರೆತುಹೋಗಿದೆ. ನೀನೇ ಎದ್ದು ಹೇಳು. ಸತ್ಯ ನಿನ್ನ ಕಡೆ ಇದೆ, ಬಾಯಿ ನನ್ನದೇ ಯಾಕೆ ಬೇಕು?

ನಿನ್ನ,
ಶಿವರಾಮು


ಕೆಲ್ಸೋ
1 ಜೂನ್ 1999

ಶ್ರೀ ಶಿವರಾಮು ಅವರಿಗೆ,

ಸಭೆ ನಡೆಯಿತು. ನನಗೂ ಮೂರು ನಿಮಿಷ ಕೊಟ್ಟರು. ಹೇಳಬೇಕಾದ್ದನ್ನೆಲ್ಲ ಹೇಳಿದೆ. ಕೌನ್ಸಿಲ್ಲಿನ ಏಳು ಜನರಲ್ಲಿ ಆರು ಜನ ತಮ್ಮ ವರದಿಗೆ ಕೈ ಎತ್ತಿದರು. ತಮ್ಮ ಕಂಪನಿಯಿಂದ ಬಂದಿದ್ದ ಹುಡುಗಿ ಚೆನ್ನಾಗಿ ಮಾತಾಡಿದಳು. ಅವಳಿಗೆ ನಮ್ಮ ಬೀದಿ ಯಾವ ದಿಕ್ಕಿಗಿದೆ ಅಂತಲೂ ಗೊತ್ತಿರಲಿಲ್ಲ, ಪಾಪ.

ಬರುವ ಮಾರ್ಚ್ ಒಳಗೆ ಅಂಗಡಿ ಖಾಲಿ ಮಾಡಬೇಕು. ಇನ್ನು ಬರೆಯಬೇಡಿ.

ಮೊಹಮ್ಮದ್ ಷರೀಫ್


ಡೌನರ್ಸ್ ಗ್ರೋವ್
16 ಸೆಪ್ಟೆಂಬರ್ 2001

ಷರೀಫ್,

ಬರೆಯಬೇಡ ಎಂದಿದ್ದೆ. ಆದರೂ ಐದು ದಿನದಿಂದ ಟಿ.ವಿ. ನೋಡುತ್ತ ನಿಮ್ಮ ನೆನಪೇ. ಫೋನು ಮಾಡಿದರೆ ಆ ನಂಬರು ಈಗಿಲ್ಲ ಎನ್ನುತ್ತದೆ. ಎಲ್ಲರೂ ಕ್ಷೇಮವೇ? ದಾನಿಯಾ ಕಾಲೇಜಿಗೆ ಹೋಗಿಬರುತ್ತಿದ್ದಾಳೆಯೇ? ಯಾರಾದರೂ ಏನಾದರೂ ಅಂದರೆ, ನಾಲ್ಕು ದಿನ ಬೇಕಾದರೆ ಇಲ್ಲಿಗೆ ಬನ್ನಿ. ಶೈಲಾ ಮೇಲಿನ ರೂಮು ಸರಿಮಾಡಿದ್ದಾಳೆ. ಒಂದೇ ಸಾಲು ಬರೆದರೂ ಸಾಕು.

ಶಿವರಾಮು


ಕೆಲ್ಸೋ
4 ನವೆಂಬರ್ 2001

ಶಿವರಾಮಣ್ಣನವರಿಗೆ ಅಸ್ಗರಿ ಮಾಡುವ ಸಲಾಂ.

ನಾನು ಓದಿದ್ದು ಉರ್ದು ಸ್ಕೂಲು, ಕನ್ನಡ ಅಕ್ಷರ ಸೊಟ್ಟ ಆಗುತ್ತದೆ. ತಪ್ಪಿದ್ದರೆ ಮಾಫ್ ಮಾಡಿ.

ನಿಮ್ಮ ಕಾಗದ ಬಂದಿತು. ಅವರು ಓದಿದರು, ಮಡಿಸಿ ಮೆಷಿನ್ನಿನ ಡ್ರಾದಲ್ಲಿ ಹಾಕಿದರು. ಕ್ಷೇಮವಾಗಿ ಇದ್ದೇವೆ. ಮಸೀದಿ ಗಾಜಿಗೆ ಯಾರೋ ಕಲ್ಲು ಹೊಡೆದಿದ್ದರು. ವಿಲ್ಕ್ಸ್ ಬಂದು ಎರಡು ದಿನ ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂತಿದ್ದ.

ಅಂಗಡಿ ಹೋಗಿ ಒಂದೂವರೆ ವರ್ಷ ಆಯಿತು. ಅವರು ಈಗ ಮಾಲ್ ಒಳಗೆ ಒಂದು ದೊಡ್ಡ ಬಟ್ಟೆ ಅಂಗಡಿಯ ಆಲ್ಟರೇಷನ್ ರೂಮಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಕಿಟಕಿ ಇಲ್ಲ. ಮೊದಲು ಸಂಜೆ ಬಂದರೆ ಯಾರು ಬಂದರು, ಯಾರ ಕೇಸು ಏನಾಯಿತು ಅಂತ ಊಟ ಮುಗಿಯೋವರೆಗೂ ಹೇಳೋರು. ಈಗ ಗಿರಾಕಿಯ ಮುಖವೇ ಕಾಣೋದಿಲ್ಲ, ಬರೀ ಪ್ಯಾಂಟು ಬರುತ್ತದೆ, ಚೀಟಿ ಇರುತ್ತದೆ. ಶುಕ್ರವಾರ ರಜೆ ಕೊಡೋದಿಲ್ಲ. ಅವರು ಕೇಳೂ ಇಲ್ಲ.

ನಾನು ಒಂದು ದಿನ ಅಂದೆ, "ಜೀ, ದೋಸ್ತಿ ಇಷ್ಟ್ ವರ್ಷದ್ದು, ಒಂದ್ ಫೋನಾದ್ರೂ ಮಾಡ್ರಿ." ಅವರು, "ನೀನ್ ಸುಮ್ನಿರು, ನಿಂಗೊತ್ತಿಲ್ಲ" ಅಂದರು. ನನಗೆ ಏನು ಗೊತ್ತಿಲ್ಲ ಅಂತ ನನಗೆ ಗೊತ್ತಿಲ್ಲ ಅಣ್ಣ.

ಈ ಕಾಗದ ಬರೆದದ್ದು ಅವರಿಗೆ ಹೇಳಿಲ್ಲ.

ನಿಮ್ಮ ತಂಗಿ,
ಅಸ್ಗರಿ


ಡೌನರ್ಸ್ ಗ್ರೋವ್
12 ಮಾರ್ಚ್ 2007

ಷರೀಫ್,

ನೀನು ಇದನ್ನು ಪೂರ್ತಿ ಓದುತ್ತೀಯೋ ಇಲ್ಲವೋ ಗೊತ್ತಿಲ್ಲ. ಆದರೂ ಬರೆಯುತ್ತೇನೆ.

ಕೆಲ್ಸೋ ಸಿಟಿಯವರು ನಮ್ಮ ಕಂಪನಿಯನ್ನು ಮತ್ತೆ ಕರೆದಿದ್ದಾರೆ. ಹಳೆಯ ಯೋಜನೆ ಯಾಕೆ ಕೈಕೊಟ್ಟಿತು ಎಂದು ನೋಡಿ ಹೇಳಬೇಕಂತೆ. ನೀನು ನಗುತ್ತೀಯ, ನಗು. ಹೋದ ತಿಂಗಳು ಬಂದಿದ್ದೆ. ನಿನ್ನ ಅಂಗಡಿಯಿದ್ದ ಜಾಗದಲ್ಲಿ ನಿಂತಿದ್ದೆ, ಪಾರ್ಕಿಂಗ್ ಕಟ್ಟಡದ ಟಿಕೆಟ್ಟು ಕೊಡುವ ಮೆಷಿನ್ನು ಇದೆ ಅಲ್ಲಿ. ಆರು ನೂರು ಜಾಗದಲ್ಲಿ ಅವತ್ತು ನಲವತ್ತು ಕಾರು, ಎಣಿಸಿದೆ. ಹೋಟೆಲು ಬರಲೇ ಇಲ್ಲ. ನಾವು ಕಟ್ಟಿಸಿದ ಪಾರ್ಕಿಂಗನ್ನೇ ನೋಡದೆ ಕೋರ್ಟನ್ನು ಹೈವೇ ಎಕ್ಸಿಟ್ ಹತ್ತಿರ ಹೊಸ ಕಟ್ಟಡಕ್ಕೆ ಸಾಗಿಸಿಬಿಟ್ಟರು. ಇಟ್ಟಿಗೆಯ ಕಾಲುದಾರಿ ಚೆನ್ನಾಗಿಯೇ ಇದೆ, ಅದರ ಮೇಲೆ ಯಾರೂ ಇಲ್ಲ.

ಅಲ್ಲಿಂದ ಮೂವತ್ತು ಮೈಲಿ ಆಚೆ ಇನ್ನೊಂದು ಊರಿಗೂ ಹೋದೆ, ಇಷ್ಟೇ ಜನ, ಇಷ್ಟೇ ಬಡತನ. ಅವರಿಗೆ ದುಡ್ಡಿರಲಿಲ್ಲ, ಅದೇ ಅವರನ್ನು ಕಾಪಾಡಿದೆ. ಏನನ್ನೂ ಕೆಡವಲಾಗಲಿಲ್ಲ. ಸೋರುವ ಮಾಳಿಗೆ ರಿಪೇರಿ ಮಾಡಿಸಿದರು, ಬಾಡಿಗೆ ಏರಿಸಲಿಲ್ಲ, ಬಸ್ಸನ್ನು ನಡುಬೀದಿಯಲ್ಲೇ ಬಿಟ್ಟರು, ಮಹಡಿಯ ಮೇಲೆ ಜನ ಇದ್ದಾರೆ. ಒಂದು ಕೆಲಸಕ್ಕೆ ಬಂದವನು ಇನ್ನೆರಡು ಕೆಲಸ ಮುಗಿಸಿಕೊಂಡು ಹೋಗುವಂತಿದ್ದರೆ ಊರಿನ ನಡು ಉಳಿಯುತ್ತದೆ. ಇದನ್ನು ಕಲಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಈಗ ಮುಖ್ಯವಾದದ್ದು. ನಮಾಜಿನ ವಿಷಯ ಹೊಳೆಯಲೇ ಇಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಕೋರ್ಟಿನ ಮೆಟ್ಟಿಲ ಮೇಲೆ ನಿಂತಾಗಲೇ ಹೊಳೆದಿತ್ತು. ಪಟ್ಟಿಯ ಅಂಚಿನಲ್ಲಿ ಪೆನ್ಸಿಲಿನಿಂದ "ಶುಕ್ರವಾರದ ಪ್ರಾರ್ಥನೆ" ಎಂದು ಬರೆದೂ ಇದ್ದೆ. ಇಟಾಸ್ಕಾದ ನಮ್ಮ ಆಫೀಸಿಗೆ ವಾಪಸು ಬಂದು, ಟೈಪ್ ಮಾಡಲು ಕೊಡುವ ಮುಂಚೆ, ನಾನೇ ರಬ್ಬರಿನಿಂದ ಉಜ್ಜಿದೆ. ಯಾರೂ ಹೇಳಿರಲಿಲ್ಲ. ಯಾರಾದರೂ ಕೇಳಿಯಾರು ಎಂಬ ಭಯಕ್ಕೆ ಉಜ್ಜಿದೆ.

ಹೊಸ ವರದಿಯ ಮೊದಲ ಪುಟದಲ್ಲೇ ಇದನ್ನು ಹಾಕುತ್ತೇನೆ. 1998ರ ಎಣಿಕೆ ನಡೆದದ್ದು ನಮಾಜಿನ ಹೊತ್ತಿನಲ್ಲಿ, ಎಣಿಸಿದವನಿಗೆ ಅದು ಗೊತ್ತಿತ್ತು, ಅಂತ. ನಾನು ಡಿಸೆಂಬರಿನಲ್ಲಿ ಕಂಪನಿ ಬಿಡುತ್ತಿದ್ದೇನೆ, ಇನ್ನು ಯಾರ ಹಂಗೂ ಇಲ್ಲ. ನಿನ್ನ ಒಪ್ಪಿಗೆ ಬೇಕು, ನಿನ್ನ ಬಾಯಿಂದ ಆ ಬ್ಲಾಕಿನ ಕತೆಯೂ ಬೇಕು. ಒಂದು ಭಾನುವಾರ ಬರಲೇ?

ಶಿವರಾಮು


ಕೆಲ್ಸೋ
23 ಏಪ್ರಿಲ್ 2007

ಶಿವರಾಮು,

"ತಾವು" ಅಂತ ಬರೆಯಲು ಕೂತೆ, ಕೈ ಬರಲಿಲ್ಲ. ಮರ್ಯಾದೆ ಕೊಡುವಷ್ಟು ದೂರದವನೂ ಅಲ್ಲ ನೀನು.

ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಲು ಬಂದಿದ್ದೀಯ. ನೀನು ಒಂಬತ್ತು ವರ್ಷಕ್ಕೆ ಕಲಿತದ್ದನ್ನು ಒಬ್ಬ ದರ್ಜಿ ನಿನಗೆ ಮೊದಲೇ ಕಾಗದದಲ್ಲಿ ಬರೆದು ಕೊಟ್ಟಿದ್ದ, ಬಿಟ್ಟಿಯಾಗಿ. ಕೆಡಿಸಿದ್ದಕ್ಕೂ ಫೀಸು, ಯಾಕೆ ಕೆಟ್ಟಿತು ಅಂತ ಹೇಳುವುದಕ್ಕೂ ಫೀಸು. ನಮ್ಮ ಕಸುಬಿನಲ್ಲಿ ತಪ್ಪು ಕತ್ತರಿಸಿದರೆ ಬಟ್ಟೆ ನಾವೇ ತಂದುಕೊಡಬೇಕು. ಕೆಲಸ ಬಿಡುವ ವರ್ಷದಲ್ಲಿ ಬರುವ ಧೈರ್ಯ ಎಷ್ಟು ತೂಗುತ್ತದೆ ಅಂತ ನಿನಗೇ ಗೊತ್ತು.

ಪೆನ್ಸಿಲಿನ ವಿಷಯ ಓದಿ ನನಗೆ ಆಶ್ಚರ್ಯವಾಗಲಿಲ್ಲ. ನಿನಗೆ ಹೊಳೆದಿತ್ತು ಅಂತ ನನಗೆ ಆವತ್ತೇ ಗೊತ್ತಿತ್ತು. ಹೊಳೆಯದಿದ್ದರೆ ಎಂಟು ತಿಂಗಳು ನೀನು ಕಾಗದ ಬರೆಯದೆ ಇರುತ್ತಿರಲಿಲ್ಲ.

ಆದರೆ ಆ ಸಾಲನ್ನು ವರದಿಯಲ್ಲಿ ಹಾಕಬೇಡ. ಯಾಕೆ ಅಂತ ಹೇಳುತ್ತೇನೆ. ಅಸ್ಗರಿಗೂ ಇದು ಗೊತ್ತಿಲ್ಲ.

ಆ ಸಭೆಯಲ್ಲಿ ನನ್ನ ಮೂರು ನಿಮಿಷ ಬಂತು. ಎಲ್ಲವನ್ನೂ ದಾನಿಯಾ ಬರೆದುಕೊಟ್ಟಿದ್ದಳು, ಜೇಬಿನಲ್ಲಿತ್ತು. ಮೊದಲು ಬಸ್ಸಿನ ವಿಷಯ ಹೇಳಿದೆ, ಆಮೇಲೆ ಕೋರ್ಟಿನದು. ನಮಾಜಿನ ಸಾಲು ಕೊನೆಗೆ ಇತ್ತು. ಅಷ್ಟರಲ್ಲಿ ಕೌನ್ಸಿಲ್ಲಿನ ಒಬ್ಬ ಹೆಂಗಸು ಮೆತ್ತಗೆ ಕೇಳಿದಳು, "ಸರ್, ವೈ ವಾಸ್ ಯುವರ್ ಶಾಪ್ ಕ್ಲೋಸ್ಡ್ ದಟ್ ಡೇ?" ಅವಳ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಳು, ಅಷ್ಟು ದೊಡ್ಡ ಸಭೆಯಲ್ಲಿ ಅವಳೊಬ್ಬಳೇ. ಹಿಂದಿನಿಂದ ವಿಲ್ಕ್ಸ್ ನನ್ನ ಕೋಟು ಎಳೆದು, "ಟೆಲ್ ದೆಮ್, ಷರೀಫ್" ಅಂದ.

ಸುತ್ತ ನೋಡಿದೆ. ಮುನ್ನೂರು ಮುಖ. ನೀನು ಹೇಳಿದರೆ ಅದು ಒಂದು ಅಂಕಿಯ ತಪ್ಪು, ತಿದ್ದಿ ಮುಂದೆ ಹೋಗುತ್ತಾರೆ. ನಾನು ಹೇಳಿದರೆ ಅದು ನನ್ನ ಧರ್ಮ. ಓಹೋ, ನೀವುಗಳು ಶುಕ್ರವಾರ ಊರಿಗೇ ಬಾಗಿಲು ಹಾಕುತ್ತೀರೋ ಅಂದುಬಿಟ್ಟರೆ? ಹೆದರಿದೆ. ಸಿಟಿಜನ್ ಆದವನಿಗೆ ಭಯ ಮರೆತುಹೋಗಿದೆ ಅಂತ ನೀನು ಬರೆದಿದ್ದೆ. ಮರೆತಿರಲಿಲ್ಲ ಮಾರಾಯ.

"ಐ ವೆಂಟ್ ಫಾರ್ ಲಂಚ್" ಅಂದೆ.

ಆಗ ಇನ್ನೊಬ್ಬ ಮೆಂಬರು ಮೈಕು ಹತ್ತಿರ ಎಳೆದುಕೊಂಡು, "ಆಲ್ ಸಿಕ್ಸ್ ಆಫ್ ಯು?" ಅಂತ ಕೇಳಿದ. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಸಾಲೇಹ್ ಕೊನೆಯ ಸಾಲಿನಿಂದ ಎದ್ದು ಹೊರಗೆ ಹೋದ. ಆಮೇಲೆ ಅಂಗಡಿ ಖಾಲಿ ಮಾಡುವವರೆಗೆ ಅವನು ನನ್ನ ಸಲಾಮಿಗೆ ಉತ್ತರ ಕೊಟ್ಟನೇ ಹೊರತು ತಾನಾಗಿ ಸಲಾಂ ಹೇಳಲಿಲ್ಲ. ಕೈ ಎತ್ತದೆ ಉಳಿದ ಒಬ್ಬರು ಇದ್ದರಲ್ಲ, ಅದು ಆ ಹೆಂಗಸೇ.

ಇಷ್ಟು ವರ್ಷ ನಿನ್ನ ಮೇಲೆ ಹೊತ್ತಿದ್ದ ಸಿಟ್ಟಿನಲ್ಲಿ ಅರ್ಧ ನನ್ನ ಪಾಲಿನದು. ಆದರೆ ಅದರಿಂದ ನಿನ್ನ ಅರ್ಧ ಕಡಿಮೆಯಾಗುವುದಿಲ್ಲ.

ಆ ಸಭೆಯಲ್ಲಿ ಆಡಿದ ಪ್ರತಿ ಮಾತನ್ನೂ ಬರೆದಿಟ್ಟಿದ್ದಾರೆ, ಯಾರು ಬೇಕಾದರೂ ಲೈಬ್ರರಿಯಲ್ಲಿ ತೆಗೆದು ಓದಬಹುದು. ನೀನು ಮೊದಲ ಪುಟದಲ್ಲಿ ನಿಜ ಬರೆದರೆ ಜನ ಹಳೆಯದನ್ನು ತೆಗೆದು ನೋಡುತ್ತಾರೆ. ನೀನು ತಪ್ಪು ಒಪ್ಪಿಕೊಂಡ ದೊಡ್ಡ ಮನುಷ್ಯನಾಗುತ್ತೀಯ. ನಾನು ನಮಾಜಿಗೆ ಹೋದವನು, ಹೋಗಿಲ್ಲ ಅಂದವನಾಗುತ್ತೇನೆ. ದಾನಿಯಾ ಈಗ ಅದೇ ಸಿಟಿಯ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ.

ಭಾನುವಾರ ಬರಬೇಡ, ಬರೆಯಲೂ ಬೇಡ. ಆವತ್ತು ಆರೂ ಜನ ಊಟಕ್ಕೆ ಹೋಗಿದ್ದೆವು ಅಂತಲೇ ಇರಲಿ.

ಷರೀಫ್